ಜೇಬಿನ ಚಾಕು

ಮಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಚಾಕು ಮನುಷ್ಯನ ಹಳೆಯ ಸಂಗಾತಿಗಳಲ್ಲಿ ಒಂದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನರು ಇಂತಹ ಚಾಕುಗಳನ್ನು ಬಳಸುತ್ತಿದ್ದರು. ಯೂರೋಪಿನಲ್ಲಿ ಹಕ್ಕಿಯ ಗರಿಯೇ ಲೇಖನಿಯಾಗಿದ್ದ ಕಾಲದಲ್ಲಿ ಗರಿಯ ತುದಿಯನ್ನು ಕೆತ್ತಿ ಹದಗೊಳಿಸಲು ಬರಹಗಾರರಿಗೆ ಒಂದು ಪುಟ್ಟ ಚಾಕು ಬೇಕಾಗಿದ್ದಿತು. ಇಂಗ್ಲಿಷಿನಲ್ಲಿ ಜೇಬಿನ ಚಾಕುವಿಗೆ ಇಂದಿಗೂ ಪೆನ್‌ನೈಫ್ ಎಂಬ ಹೆಸರು ನಿಂತಿರುವುದು ಇದೇ ಕಾರಣದಿಂದ. ನಮ್ಮಲ್ಲಿ ತಾಳೆಯೋಲೆಯ ಮೇಲೆ ಬರೆಯುತ್ತಿದ್ದವರೂ ಕಂಟದೊಡನೆ ಓಲೆಯ ಅಂಚನ್ನು ಸವರುವ ಚಾಕುವೊಂದನ್ನು ಇಟ್ಟುಕೊಳ್ಳುತ್ತಿದ್ದರು. ಗರಿಯ ಕಾಲವೂ ಓಲೆಯ ಕಾಲವೂ ಕಳೆದುಹೋದವು. ಚಾಕು ಮಾತ್ರ ಉಳಿದಿದೆ. ಪ್ರಯಾಣದಲ್ಲಿ ಹಣ್ಣು ಹೆಚ್ಚಲು, ಕಟ್ಟಿನ ಹುರಿಯನ್ನು ಕತ್ತರಿಸಲು, ಗಿಡಕ್ಕೆ ಕಸಿಕಟ್ಟಲು, ವಿದ್ಯುತ್ ತಂತಿಯ ಹೊದಿಕೆಯನ್ನು ಸುಲಿಯಲು ಅದಕ್ಕಿಂತ ಉತ್ತಮ ಉಪಕರಣ ಇನ್ನೂ ಹುಟ್ಟಿಲ್ಲ.

ಆದರೆ ಇದನ್ನು ಕೊಳ್ಳುವವರಲ್ಲಿ ಬೇರೊಂದು ಉದ್ದೇಶವೂ ಉಂಟು. ರಾತ್ರಿ ತಡವಾಗಿ ಕೆಲಸದಿಂದ ಹಿಂತಿರುಗುವವರು, ಊರು ಬಿಟ್ಟು ವಿದ್ಯಾರ್ಥಿನಿಲಯ ಸೇರುವ ಮಕ್ಕಳು, ಅವರ ತಂದೆತಾಯಿಗಳು, 'ಆತ್ಮರಕ್ಷಣೆಗೆ ಒಂದು ಇರಲಿ' ಎಂದು ಅದನ್ನು ಕೊಳ್ಳುತ್ತಾರೆ. ಯಾವ ಚಾಕು ಒಳ್ಳೆಯದೆಂದು ನಮ್ಮ ವಿದ್ಯಾರ್ಥಿಗಳು ನಮ್ಮನ್ನೇ ಕೇಳಿದ್ದುಂಟು. ಪ್ರಶ್ನೆ ಹಗುರವಾದುದಲ್ಲ. ಉತ್ತರ ತಪ್ಪಿದರೆ ಕಳೆದುಹೋಗುವುದು ಒಂದು ಬೆರಳಾಗಬಹುದು, ಒಂದು ಜೀವವೂ ಆಗಬಹುದು. ಅದೃಷ್ಟವಶಾತ್ ಒತ್ತಡ, ಬೆಣೆ, ಸನ್ನೆ, ಸಂವೇಗ ಎಂಬ ಪ್ರೌಢಶಾಲೆಯ ನಾಲ್ಕು ಪಾಠಗಳು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಅಲಗಿನ ಬಾಯಿ

ಚಾಕು ಕೊಯ್ಯುವುದೇಕೆ? ಕೈ ಕೊಟ್ಟ ಬಲವನ್ನು ಅದು ಅತ್ಯಂತ ಕಿರಿದಾದ ಜಾಗದ ಮೇಲೆ ಒಟ್ಟುಗೂಡಿಸುವುದರಿಂದ. ಹೆಬ್ಬೆರಳಿನಿಂದ ಒಂದು ಹಣ್ಣನ್ನು ೧ ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತಿದೆವೆನ್ನಿ. ಬೆರಳು ತಾಗುವ ಜಾಗ ಸುಮಾರು ೧ ಚದರ ಸೆಂಟಿಮೀಟರ್. ಆದುದರಿಂದ ಒತ್ತಡ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ. ಹಣ್ಣು ಸ್ವಲ್ಪ ತಗ್ಗುತ್ತದೆ, ಅಷ್ಟೆ. ಈಗ ಅದೇ ಬಲವನ್ನು ಚೆನ್ನಾಗಿ ಸಾಣೆ ಹಿಡಿದ ಅಲಗಿನ ಮೂಲಕ ಕೊಡೋಣ. ಅಂತಹ ಅಲಗಿನ ಬಾಯಿಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಇರಬಹುದು. ಹಣ್ಣಿಗೆ ತಾಗಿರುವ ಉದ್ದ ೧ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಜಾಗ ಒಂದು ಚದರ ಸೆಂಟಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಒತ್ತಡ ಚದರ ಸೆಂಟಿಮೀಟರಿಗೆ ೧೦,೦೦೦ ಕಿಲೋಗ್ರಾಂ! ನಮ್ಮನ್ನು ಸುತ್ತಿರುವ ವಾಯುಮಂಡಲದ ಒತ್ತಡಕ್ಕೆ ಇದು ಸುಮಾರು ಹತ್ತು ಸಾವಿರ ಪಟ್ಟು. ಹಣ್ಣಿನ ಸಿಪ್ಪೆ ಇದನ್ನು ತಡೆಯಲಾರದು.

ಬಾಯಿ ದಾರಿ ತೆರೆದ ಮೇಲೆ ಅಲಗಿನ ಎರಡು ಪಕ್ಕಗಳು ಬೆಣೆಯಂತೆ ವಸ್ತುವನ್ನು ಇಬ್ಬದಿಗೆ ಸರಿಸುತ್ತವೆ. ಬೆಣೆಯ ಕೋನ ಕಿರಿದಾದಷ್ಟೂ ಶ್ರಮ ಕಡಮೆ. ಆದರೆ ಬಾಯಿ ಬೇಗನೆ ಮಡಿಚಿಕೊಳ್ಳುವ ಅಥವಾ ಮುಕ್ಕಾಗುವ ಭಯ ಹೆಚ್ಚು. ಕ್ಷೌರದ ಕತ್ತಿಯ ಬಾಯಿಯ ಕೋನ ಸುಮಾರು ೧೬ ಡಿಗ್ರಿ. ಜೇಬಿನ ಚಾಕುವಿಗೆ ೩೦ ರಿಂದ ೪೦ ಡಿಗ್ರಿ, ಎಂದರೆ ಪಕ್ಕವೊಂದಕ್ಕೆ ೧೫ ರಿಂದ ೨೦ ಡಿಗ್ರಿ, ಯೋಗ್ಯವಾದುದು.

ಇನ್ನೊಂದು ಸಂಗತಿಯನ್ನು ನಮ್ಮ ತಾಯಂದಿರು ಈಳಿಗೆಮಣೆಯ ಮುಂದೆ ಕುಳಿತು ಎಂದೋ ಕಂಡುಕೊಂಡಿದ್ದಾರೆ. ಟೊಮೇಟೊ ಹಣ್ಣನ್ನು ಅಲಗಿಗೆ ನೇರವಾಗಿ ಒತ್ತಿದರೆ ಅದು ಜಜ್ಜಿಹೋಗುತ್ತದೆ. ಅಲಗಿನ ಉದ್ದಕ್ಕೆ ಜಾರಿಸುತ್ತ ಒತ್ತಿದರೆ ನಯವಾಗಿ ಎರಡಾಗುತ್ತದೆ. ವಸ್ತುವನ್ನು ಸೀಳಿ ಹೊಸ ಮೈಗಳನ್ನು ತೆರೆಯಲು ಇಂತಿಷ್ಟು ಕೆಲಸ ಆಗಲೇಬೇಕು. ಜಾರಿಸುವ ಚಲನೆ ಈ ಕೆಲಸದಲ್ಲಿ ಒಂದು ಪಾಲನ್ನು ವಹಿಸಿಕೊಳ್ಳುವುದರಿಂದ ಒತ್ತುವ ಬಲ ಅಷ್ಟರಮಟ್ಟಿಗೆ ಕಡಮೆಯಾದರೂ ಸಾಕು. ಚಾಕುವಿನ ಅಲಗಿಗೆ ಹೊಟ್ಟೆಯಂತಹ ಬಾಗು ಕೊಟ್ಟಿರುವುದು ಈ ಜಾರುವಿಕೆಗೆ ಅನುಕೂಲವಾಗಲೆಂದೇ.

ಇಲ್ಲಿ ವಾಚಕರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಅತ್ಯಲ್ಪ ಬಲದಿಂದ ಕೆಲಸವನ್ನು ಮುಗಿಸುವುದೇ ಒಳ್ಳೆಯ ಚಾಕುವಿನ ಲಕ್ಷಣ. ಆತ್ಮರಕ್ಷಣೆಯ ಪ್ರಶ್ನೆಗೆ ಬಂದಾಗ ಈ ಮಾತು ನಮಗೆ ಮತ್ತೆ ಬೇಕಾಗುವುದು.

ಉಕ್ಕಿನ ಹದ

ಬಾಯಿ ಹರಿತವಾಗಿ ಉಳಿಯುವುದು ಉಕ್ಕಿನ ಗುಣದಿಂದ. ಕೆಂಪಗೆ ಕಾಯಿಸಿದ ಉಕ್ಕನ್ನು ಥಟ್ಟನೆ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಅದು ಬಹಳ ಕಠಿಣವಾಗುತ್ತದೆ. ಆದರೆ ಗಾಜಿನಂತೆ ಪೆಡಸಾಗಿಯೂ ಇರುತ್ತದೆ. ಅದನ್ನು ಮತ್ತೆ ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಕಾಠಿಣ್ಯ ತುಸು ಇಳಿದು, ಪೆಟ್ಟನ್ನು ತಾಳುವ ಶಕ್ತಿ ಬರುತ್ತದೆ. ನಮ್ಮ ಕಮ್ಮಾರರು ಹದ ಕೊಡುವುದೆಂದು ಹೇಳುವುದು ಇದನ್ನೇ. ಕಾಠಿಣ್ಯವನ್ನು ಅಳೆಯಲು ರಾಕ್‌ವೆಲ್ ಮಾಪಕವೆಂಬುದುಂಟು. ವಜ್ರದ ಶಂಕುವೊಂದನ್ನು ೧೫೦ ಕಿಲೋಗ್ರಾಂ ಭಾರದಿಂದ ಉಕ್ಕಿನ ಮೇಲೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ನೋಡುತ್ತಾರೆ. ಜೇಬಿನ ಚಾಕುಗಳ ಅಂಕ ಸಾಮಾನ್ಯವಾಗಿ ೫೪ ರಿಂದ ೬೨ರವರೆಗೆ ಇರುತ್ತದೆ. ಅಂಕ ಹೆಚ್ಚಾದರೆ ಹರಿತ ಬಹುಕಾಲ ನಿಲ್ಲುತ್ತದೆ, ಆದರೆ ಸಾಣೆ ಹಿಡಿಯುವುದು ಕಷ್ಟ. ಕಡಮೆಯಾದರೆ ಬೇಗ ಮೊಂಡಾಗುತ್ತದೆ, ಆದರೆ ಅಡುಗೆಮನೆಯ ಕಲ್ಲಿನ ಮೇಲೆಯೇ ಹರಿತಗೊಳ್ಳುತ್ತದೆ. ಸಾಧಾರಣ ಬಳಕೆಗೆ ೫೬ರ ಸುಮಾರಿನ ಚಾಕು ಧಾರಾಳವಾಗಿ ಸಾಕು.

ಈ ವಿಷಯದಲ್ಲಿ ನಮ್ಮ ನಾಡಿಗೂ ಒಂದು ಸಂಬಂಧ ಉಂಟು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ದಕ್ಷಿಣ ಭಾರತದ 'ವೂಟ್ಸ್' ಉಕ್ಕನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧವನ್ನಿಟ್ಟನು. ವೂಟ್ಸ್ ಎಂಬುದು ಕನ್ನಡದ 'ಉಕ್ಕು' ಶಬ್ದವೇ ಮಾರ್ಪಟ್ಟ ರೂಪವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಪಿಯರ್ಸನ್ನನ ಪರೀಕ್ಷೆಗಾಗಿ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನು ಆ ಉಕ್ಕಿನಿಂದ ಮಾಡಿಕೊಟ್ಟದ್ದು ಖಡ್ಗವಲ್ಲ, ಒಂದು ಪೆನ್‌ನೈಫು. ಅದು ಅತ್ಯುತ್ತಮ ಉಕ್ಕಿನ ಚಾಕುವಿಗೆ ಸರಿಸಮವಾಗಿ ಕೊಯ್ಯಿತು. ಇದೇ ಸ್ಟೊಡಾರ್ಟನು ಮುಂದೆ ೧೮೨೦ರ ಹೊತ್ತಿಗೆ ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನು ನಡೆಸಿದನು.

ಹಳೆಯ ಇಂಗಾಲದ ಉಕ್ಕಿಗೆ ಒಂದು ದೋಷವಿದೆ: ತುಕ್ಕು. ಮಾವಿನಕಾಯಿಯನ್ನೋ ನಿಂಬೆಯನ್ನೋ ಕೊಯ್ದರೆ ಅದು ಕಪ್ಪಾಗುತ್ತದೆ. ೧೯೧೩ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ನೂರಕ್ಕೆ ಸುಮಾರು ೧೩ ಪಾಲು ಕ್ರೋಮಿಯಮ್ ಬೆರೆಸಿದ ಉಕ್ಕು ಸುಲಭವಾಗಿ ತುಕ್ಕು ಹಿಡಿಯದೆಂಬುದನ್ನು ಕಂಡನು. ಕ್ರೋಮಿಯಮ್ ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಲೋಹವನ್ನು ಮುಚ್ಚಿಕೊಳ್ಳುತ್ತದೆ. ಕಾರವಾರ, ಮಂಗಳೂರುಗಳ ಉಪ್ಪುಗಾಳಿಯಲ್ಲಿ ಇರುವವರು ಇಂತಹ ಉಕ್ಕಿನ ಚಾಕುವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ದಿನವೂ ಒರಸಿಡುವ ಅಭ್ಯಾಸವುಳ್ಳವರಿಗೆ, ಸುಲಭವಾಗಿ ಸಾಣೆಗೆ ಒಗ್ಗುವ ಇಂಗಾಲದ ಉಕ್ಕೂ ಆಗಬಹುದು.

ಕೀಲು ಮತ್ತು ಅಗುಳಿ

ಅಡುಗೆಮನೆಯ ಚಾಕುವಿಗೂ ಜೇಬಿನ ಚಾಕುವಿಗೂ ಇರುವ ಮುಖ್ಯ ವ್ಯತ್ಯಾಸ ಅಲಗಿನಲ್ಲಿಲ್ಲ, ಕೀಲಿನಲ್ಲಿದೆ. ಮಡಿಸುವ ಅನುಕೂಲವನ್ನು ಪಡೆಯಲು ನಾವು ಚಾಕುವನ್ನು ಅದರ ನಡುವಿನಲ್ಲಿಯೇ ಮುರಿದು ಒಂದು ಮೊಳೆಯಿಂದ ಜೋಡಿಸಿದ್ದೇವೆ. ತೆರೆದ ಅಲಗು ಮತ್ತೆ ಮಡಿಚಿಕೊಳ್ಳದಂತೆ ತಡೆಯುವ ಏರ್ಪಾಟಿನಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಬೆನ್ನಿನ ಸ್ಪ್ರಿಂಗು. ಅಲಗಿನ ಬುಡವನ್ನು ಒಂದು ಉಕ್ಕಿನ ಪಟ್ಟಿ ಒತ್ತಿ ಹಿಡಿದಿರುತ್ತದೆ. ಸ್ವಲ್ಪ ಬಲ ಹಾಕಿದರೆ ಅಲಗು ಮಡಿಚಿಕೊಳ್ಳುತ್ತದೆ. ಎಲ್ಲರೂ ಬಲ್ಲ ಕೆಂಪು ಹಿಡಿಯ ಸ್ವಿಸ್ ಚಾಕುಗಳಲ್ಲಿ ಬಹಳಷ್ಟು ಈ ಜಾತಿಯವು. ಎರಡನೆಯದು ಉಂಗುರ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ೧೮೯೦ರಲ್ಲಿ ರೂಪಿಸಿದ ಮರದ ಹಿಡಿಯ ಚಾಕುವಿಗೆ ೧೯೫೫ರಲ್ಲಿ ತಿರುಗುವ ಉಂಗುರವೊಂದನ್ನು ಸೇರಿಸಲಾಯಿತು. ಉಂಗುರವನ್ನು ತಿರುಗಿಸಿದರೆ ಅಲಗು ಮಡಿಚುವ ದಾರಿ ಮುಚ್ಚಿಹೋಗುತ್ತದೆ. ಮೂರನೆಯದು ಅಗುಳಿ. ಅಲಗು ತೆರೆದೊಡನೆ ಹಿಡಿಯೊಳಗಿನ ಒಂದು ಲೋಹದ ತುಂಡು ತಾನಾಗಿಯೇ ಬುಡಕ್ಕೆ ಅಡ್ಡ ಬಂದು ನಿಲ್ಲುತ್ತದೆ. ಅದನ್ನು ಬೆರಳಿನಿಂದ ಸರಿಸದೆ ಚಾಕು ಮಡಿಚದು.

ಅಗುಳಿ ಎಷ್ಟು ಬಲವನ್ನು ತಡೆಯಬೇಕು? ಸನ್ನೆಯ ನಿಯಮ ಇದನ್ನು ಹೇಳುತ್ತದೆ. ಕೀಲಿನಿಂದ ೬ ಸೆಂಟಿಮೀಟರ್ ದೂರದಲ್ಲಿ, ಅಲಗಿನ ಬೆನ್ನಿನ ಮೇಲೆ ೫ ಕಿಲೋಗ್ರಾಂ ಭಾರದಷ್ಟು ಬಲ ಬಿದ್ದಿತೆನ್ನಿ. ಅಗುಳಿ ಅಲಗನ್ನು ಹಿಡಿದಿರುವ ಜಾಗ ಕೀಲಿನಿಂದ ಕೇವಲ ಅರ್ಧ ಸೆಂಟಿಮೀಟರ್ ದೂರದಲ್ಲಿದೆ. ಎರಡು ಕಡೆಗಳಲ್ಲೂ ಬಲವನ್ನು ದೂರದಿಂದ ಗುಣಿಸಿದ ಫಲ ಸಮನಾಗಿರಬೇಕು. ಒಂದು ಕಡೆ ೫ × ೬ = ೩೦; ಇನ್ನೊಂದು ಕಡೆಯೂ ೩೦ ಆಗಬೇಕಾದರೆ ಅಗುಳಿ ೬೦ ಕಿಲೋಗ್ರಾಂ ಭಾರವನ್ನು ಹೊರಬೇಕು! ನಮ್ಮ ಕೈ ಹಾಕಿದ ಬಲಕ್ಕೆ ಇದು ಹನ್ನೆರಡು ಪಟ್ಟು. ಆ ಪುಟ್ಟ ಲೋಹದ ತುಂಡು ಜಾರಿದರೆ ಅಲಗು ಮಡಿಚುವುದು ಎಲ್ಲಿಗೆ? ಹಿಡಿಯನ್ನು ಸುತ್ತಿರುವ ನಮ್ಮ ಬೆರಳುಗಳ ಮೇಲಕ್ಕೆ.

ಹಣ್ಣು ಹೆಚ್ಚುವಾಗ, ಹುರಿ ಕತ್ತರಿಸುವಾಗ ಬಲ ಅಲಗಿನ ಬಾಯಿಯ ಕಡೆಯಿಂದ ಬರುತ್ತದೆ. ಅದು ಅಲಗನ್ನು ಇನ್ನಷ್ಟು ತೆರೆಯಲು ನೋಡುತ್ತದೆಯೇ ಹೊರತು ಮಡಿಚಲು ನೋಡುವುದಿಲ್ಲ. ಆದುದರಿಂದ ಬೆನ್ನಿನ ಸ್ಪ್ರಿಂಗು ಇಂತಹ ಕೆಲಸಕ್ಕೆ ಸಾಕು. ಮೊನೆಯಿಂದ ಚುಚ್ಚುವಾಗ, ತಿರುಚುವಾಗ, ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಎಳೆಯುವಾಗ ಮಾತ್ರ ಬಲ ಬೆನ್ನಿನ ಕಡೆಯಿಂದ ಬರಬಹುದು. ಅಪಾಯ ಇರುವುದು ಅಲ್ಲಿ.

ಆತ್ಮರಕ್ಷಣೆಯ ಲೆಕ್ಕ

ಈಗ ಎರಡನೆಯ ಉದ್ದೇಶಕ್ಕೆ ಬರೋಣ. ಈ ಚಾಕು ನಮ್ಮನ್ನು ಕಾಪಾಡಬಲ್ಲುದೆ?

ಮೊದಲು ಕಾಲದ ಲೆಕ್ಕ. ಚಾಕು ಹಿಡಿದ ಮನುಷ್ಯನೊಬ್ಬನು ೨೧ ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲನೆಂದು ಅಮೆರಿಕದ ಸಾಲ್ಟ್ ಲೇಕ್ ನಗರದ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ೧೯೮೩ರಲ್ಲಿ ಬರೆದನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ಚಾಕುವಿನ ಬದಲು ಕನ್ನಡಕದ ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಇನ್ನೊಬ್ಬರು ಚಪ್ಪಾಳೆ ತಟ್ಟಿದೊಡನೆ ಅದನ್ನು ಹೊರತೆಗೆದು, ತೆರೆದು, ಸರಿಯಾಗಿ ಹಿಡಿಯುವುದಕ್ಕೆ ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿ. ಭಯದಿಂದ ಕೈ ನಡುಗುತ್ತಿಲ್ಲದಿದ್ದಾಗಲೂ ಒಂದೂವರೆ ಸೆಕೆಂಡು ಎಷ್ಟು ಅಲ್ಪವೆಂಬುದು ತಿಳಿಯುವುದು. ಇಲ್ಲಿ ಹೇಳಿರುವುದು ೨೧ ಅಡಿ. ದುಷ್ಟನು ಅಷ್ಟು ದೂರದಿಂದ ಸೂಚನೆ ಕೊಟ್ಟು ಬರುತ್ತಾನೆಂದು ನಂಬುವ ಹಾಗೂ ಇಲ್ಲ.

ಎರಡನೆಯದು ಸಂವೇಗದ ಲೆಕ್ಕ. ೬೦ ಕಿಲೋಗ್ರಾಂ ತೂಕದ ಮನುಷ್ಯ ಸೆಕೆಂಡಿಗೆ ೪ ಮೀಟರ್ ವೇಗದಲ್ಲಿ ನುಗ್ಗಿಬಂದರೆ, ಅವನನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಲು ಸುಮಾರು ೫೦ ಕಿಲೋಗ್ರಾಂ ಭಾರದಷ್ಟು ಬಲ ಎದುರಿನಿಂದ ಬೇಕು. ಕ್ರಿಯೆಗೆ ಪ್ರತಿಕ್ರಿಯೆ ಸಮ ಎಂಬುದು ನ್ಯೂಟನ್ನನ ನಿಯಮ. ಅಲಗು ತನ್ನ ದಾರಿಯಲ್ಲಿ ಎಷ್ಟು ಅಡ್ಡಿಯನ್ನು ಎದುರಿಸುತ್ತದೆಯೋ ಅಷ್ಟೇ ಬಲವನ್ನು ಅದು ಎದುರಾಳಿಯ ಮೇಲೆ ಹಾಕಬಲ್ಲುದು. ಒಳ್ಳೆಯ ಚಾಕುವಿನ ಲಕ್ಷಣವೇ ಅಡ್ಡಿಯಿಲ್ಲದೆ ಹೋಗುವುದೆಂದು ಮೇಲೆ ಕಂಡೆವು. ಹಾಗಿದ್ದಮೇಲೆ ಅದು ಯಾರನ್ನೂ ತಡೆದು ನಿಲ್ಲಿಸಲಾರದು. ಒಂದು ಸಾಧಾರಣ ಕೋಲೋ ಅಡ್ಡ ಹಿಡಿದ ಚೀಲವೋ ಕುರ್ಚಿಯೋ ಈ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಆದರೆ ಚಾಕುವಿನ ಗಾಯ ಆ ಕ್ಷಣದಲ್ಲಿ ಎದುರಾಳಿಯನ್ನು ನಿಲ್ಲಿಸದೆಹೋದರೂ, ರಕ್ತ ಹರಿದು ಸ್ವಲ್ಪ ಹೊತ್ತಿನ ಮೇಲೆ ಅವನ ಪ್ರಾಣವನ್ನು ತೆಗೆಯಬಲ್ಲುದು. ತಡೆಯಬೇಕಾದಾಗ ತಡೆಯದೆ, ಕೊಲ್ಲಬೇಕಿಲ್ಲದಾಗ ಕೊಲ್ಲುವ ಸಾಧನವನ್ನು ರಕ್ಷಣೆಯ ಸಾಧನವೆಂದು ಕರೆಯುವುದು ಹೇಗೆ?

ಮೂರನೆಯದು ಕೀಲಿನ ಲೆಕ್ಕ. ಹೋರಾಟದಲ್ಲಿ ಬಲ ಯಾವ ಕಡೆಯಿಂದ ಬರುವುದೆಂದು ಹೇಳುವಂತಿಲ್ಲ. ಬೆನ್ನಿನ ಮೇಲೆ ಬಿದ್ದ ಪೆಟ್ಟು ಹನ್ನೆರಡು ಪಟ್ಟಾಗಿ ಅಗುಳಿಗೆ ತಾಗುತ್ತದೆ. ಅದಲ್ಲದೆ, ಹೆಚ್ಚಿನ ಜೇಬಿನ ಚಾಕುಗಳಲ್ಲಿ ಹಿಡಿಗೂ ಅಲಗಿಗೂ ನಡುವೆ ಕೈಯನ್ನು ತಡೆಯುವ ಅಡ್ಡಪಟ್ಟಿಯಿರುವುದಿಲ್ಲ. ಮೊನೆ ಗಟ್ಟಿಯಾದ ಏನಕ್ಕಾದರೂ ತಾಗಿ ಥಟ್ಟನೆ ನಿಂತರೆ, ಜಡತ್ವದಿಂದ ಕೈ ಮುಂದಕ್ಕೆ ಜಾರಿ ತನ್ನದೇ ಅಲಗಿನ ಮೇಲೆ ಹೋಗುತ್ತದೆ.

ಸೈನ್ಯಗಳಿಗೂ ಇದು ತಿಳಿದಿದ್ದಿತು. ೧೮೯೧ರಲ್ಲಿ ಕಾರ್ಲ್ ಎಲ್ಸೆನರ್ ಸ್ವಿಸ್ ಸೈನ್ಯಕ್ಕೆ ಪೂರೈಸತೊಡಗಿದ ಮಡಿಸುವ ಚಾಕುವಿನಲ್ಲಿ ಅಲಗಿನ ಜೊತೆಗೆ ತಿರುಪುಳಿಯೂ ಡಬ್ಬಿ ತೆರೆಯುವ ಕೊಕ್ಕೆಯೂ ಇದ್ದವು. ಸಿಪಾಯಿ ತನ್ನ ಬಂದೂಕನ್ನು ಬಿಚ್ಚಲು ಮತ್ತು ಊಟದ ಡಬ್ಬಿಯನ್ನು ತೆರೆಯಲು ಅದನ್ನು ಕೊಟ್ಟರು. ಕಾದಾಟಕ್ಕೆ ಅವನ ಬಂದೂಕಿನ ಸನೀನು ಬೇರೆಯೇ ಇದ್ದಿತು.

ಇನ್ನು ಕಾನೂನಿನ ಮಾತು. ೨೦೧೬ರ ಆಯುಧ ನಿಯಮಗಳು ೯ ಅಂಗುಲಕ್ಕಿಂತ ಉದ್ದವಾದ ಅಥವಾ ೨ ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿವೆ. ಮನೆವಾರ್ತೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳಿಗೆ ವಿನಾಯಿತಿ ಇದೆ. ಹಣ್ಣು ಹೆಚ್ಚುವ ಮಡಿಸುವ ಚಾಕು ಈ ಮಿತಿಯ ಹತ್ತಿರಕ್ಕೂ ಬಾರದು. ಆದರೆ ನಿಷೇಧಾಜ್ಞೆ ಇರುವಲ್ಲಿ ಅದೂ ತೊಂದರೆಗೆ ಕಾರಣವಾದೀತು. ವಿಮಾನದಲ್ಲಿ ಕೈಚೀಲದೊಳಗೆ ಒಯ್ಯುವಂತೆಯೂ ಇಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯಮಾಡುತ್ತದೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಲು ಅದರ ೩೭ನೆಯ ಕಲಮು ಅವಕಾಶ ಕೊಡುವುದಿಲ್ಲ. ಓದಲೆಂದು ಇಂಗ್ಲೆಂಡಿಗೆ ಹೋಗುವ ನಮ್ಮ ಮಕ್ಕಳು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿ ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಬಹುದಾದುದು ೩ ಅಂಗುಲವನ್ನು ಮೀರದ, ಅಗುಳಿಯಿಲ್ಲದ ಮಡಿಸುವ ಚಾಕು ಮಾತ್ರ. ಆತ್ಮರಕ್ಷಣೆಗಾಗಿ ಎಂದು ಇಟ್ಟುಕೊಂಡರೆ ಅದೂ ಅಪರಾಧವಾದೀತು.

ಹಾಗಾದರೆ ಭಯವುಳ್ಳವರು ಏನನ್ನು ಇಟ್ಟುಕೊಳ್ಳಬೇಕು? ಒಂದು ಒಳ್ಳೆಯ ಸೀಟಿ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುವುದು ಸೆಕೆಂಡಿಗೆ ೨,೦೦೦ ದಿಂದ ೫,೦೦೦ ಕಂಪನಗಳ ಧ್ವನಿಯನ್ನು. ಸೀಟಿಯ ಧ್ವನಿ ಈ ಮೇರೆಯಲ್ಲಿಯೇ ಇರುತ್ತದೆ. ಜೊತೆಗೆ ಒಂದು ಪ್ರಖರವಾದ ಟಾರ್ಚು. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಕ್ಷಣದ ಬೆಳಕು ಅದನ್ನು ಕೆಡಿಸಿಬಿಡುತ್ತದೆ. ದೂರವಾಣಿಯಲ್ಲಿ ೧೧೨ ಎಂಬ ಸಂಖ್ಯೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಳಕೂ ಜನರೂ ಇರುವ ಕಡೆಗೆ ಓಡಲು ಸಿದ್ಧವಾದ ಕಾಲುಗಳು. ಇವು ಯಾವುವೂ ಎದುರಾಳಿಯ ಕೈಗೆ ಸಿಕ್ಕಿ ನಮ್ಮ ಮೇಲೆಯೇ ತಿರುಗುವುದಿಲ್ಲ.

ಕೊಳ್ಳುವಾಗ ನೋಡತಕ್ಕದ್ದು

ಹೀಗೆ ಆಯುಧದ ಯೋಚನೆಯನ್ನು ಬಿಟ್ಟಮೇಲೆ ಚಾಕುವಿನ ಆಯ್ಕೆ ಬಹು ಸುಲಭವಾಗುತ್ತದೆ. ಅಲಗು ೬ ರಿಂದ ೮ ಸೆಂಟಿಮೀಟರ್ ಉದ್ದವಿದ್ದರೆ ಸಾಕು. ಚಪಾತಿಯಂತೆ ಅಗಲವಾದುದೂ ರಾಕ್ಷಸನ ಹಲ್ಲಿನಂತೆ ಭಯಂಕರವಾದುದೂ ಬೇಡ. ಹಿಡಿ ನಾಲ್ಕು ಬೆರಳುಗಳಿಗೂ ಜಾಗ ಕೊಡಬೇಕು. ಒದ್ದೆಯಾದ ಕೈಯಲ್ಲೂ ಜಾರಬಾರದು. ಹಣ್ಣು, ಕಾಗದ, ಹುರಿಗಳಿಗೆ ಬೆನ್ನಿನ ಸ್ಪ್ರಿಂಗಿನ ಚಾಕು ಸಾಕಾಗುತ್ತದೆ. ತೋಟದ ಕೆಲಸ, ಮರ ಕೆತ್ತುವ ಕೆಲಸ ಇರುವವರು ಉಂಗುರವೋ ಅಗುಳಿಯೋ ಇರುವುದನ್ನು ಕೊಳ್ಳಲಿ.

ಕೀಲನ್ನು ಪರೀಕ್ಷಿಸಲು ಸನ್ನೆಯ ನಿಯಮವೇ ನಮಗೆ ನೆರವಾಗುತ್ತದೆ. ಚಾಕುವನ್ನು ತೆರೆದು ಹಿಡಿಯನ್ನು ಮೇಜಿನ ಮೇಲೆ ಅದುಮಿ, ಅಲಗಿನ ಬೆನ್ನನ್ನು ಬೆರಳಿನಿಂದ ಮೆಲ್ಲನೆ ಅಲುಗಿಸಿ ನೋಡಿರಿ. ಕೀಲಿನಿಂದ ಅರ್ಧ ಸೆಂಟಿಮೀಟರ್ ದೂರದ ಅಗುಳಿಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸಡಿಲವಿದ್ದರೆ, ೮ ಸೆಂಟಿಮೀಟರ್ ದೂರದ ಮೊನೆಯಲ್ಲಿ ಅದು ಹದಿನಾರು ಪಟ್ಟಾಗಿ, ಒಂದೂವರೆ ಮಿಲಿಮೀಟರಿಗೂ ಹೆಚ್ಚು ಅಲುಗಾಟವಾಗಿ ಕಣ್ಣಿಗೆ ಕಾಣುತ್ತದೆ. ಹೊಸದರಲ್ಲಿಯೇ ಹೀಗೆ ಅಲುಗುವ ಚಾಕುವನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಮೇಲು.

ಸಾಣೆ ಹಿಡಿಯುವಾಗ ಕೋನವನ್ನು ಅಳೆಯಲು ಉಪಕರಣ ಬೇಕಿಲ್ಲ. ಅಲಗಿನ ಅಗಲ ೨೦ ಮಿಲಿಮೀಟರ್ ಇದ್ದರೆ, ಅದರ ಬೆನ್ನು ಕಲ್ಲಿನಿಂದ ೫ ರಿಂದ ೭ ಮಿಲಿಮೀಟರ್ ಮೇಲಿರುವಂತೆ ಹಿಡಿದರೆ ೧೫ ರಿಂದ ೨೦ ಡಿಗ್ರಿ ತಾನಾಗಿ ಬರುತ್ತದೆ. ಒಂದರ ಮೇಲೊಂದು ಇಟ್ಟ ನಾಲ್ಕು ಒಂದು ರೂಪಾಯಿ ನಾಣ್ಯಗಳ ಎತ್ತರ ಹೆಚ್ಚುಕಡಮೆ ಇಷ್ಟೇ. ಕೀಲಿಗೆ ತಿಂಗಳಿಗೊಮ್ಮೆ ಹೊಲಿಗೆಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಅಲಗಿಗೆ ಸವರಲು ಆದೀತು, ಕೀಲಿಗೆ ಬೇಡ. ಸುಮಾರು ೨೪ ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದನ್ನು ಬೆಂಗಳೂರಿನ ಡಿಸೆಂಬರಿನಲ್ಲಿ ಯಾರೂ ನೋಡಬಹುದು. ಮೊಂಡು ಚಾಕುವನ್ನು ಹಾಗೆಯೇ ಬಳಸಬೇಡಿರಿ. ಅದಕ್ಕೆ ಹೆಚ್ಚು ಬಲ ಬೇಕು; ಹೆಚ್ಚು ಬಲ ಹಾಕಿದ ಕೈ ಜಾರಿದಾಗ ಆಗುವ ಗಾಯವೂ ದೊಡ್ಡದು.

ಚಾಕು ಕೊಯ್ಯಲೆಂದು ಹುಟ್ಟಿದ ಉಪಕರಣ. ಆ ಕೆಲಸಕ್ಕೆ ಅದನ್ನು ಆರಿಸಿಕೊಂಡವನಿಗೆ ಒಂದೇ ಚಾಕು ಬಹುಕಾಲ ಬಾಳುತ್ತದೆ, ಅವನ ಬೆರಳುಗಳೂ ಉಳಿಯುತ್ತವೆ. ಧೈರ್ಯಕ್ಕೆಂದು ಅದನ್ನು ಕೊಂಡವನು ಹೊತ್ತು ತಿರುಗುವುದು ಇನ್ನೊಂದು ಅಪಾಯವನ್ನು.